ನಾಯ್ಸ್ ಮೊದಲು, ಡ್ರಮ್ಸ್ ಆಮೇಲೆ: ನಮ್ಮ ಆಲ್ಬಮ್ ಮುಗಿದ ಬಗೆ

"ಹಾಡಿಗೆ ನಾಯ್ಸ್ ಸೇರಿಸಬಹುದು, ನಾಯ್ಸ್‌ಗೆ ಹಾಡು ಸೇರಿಸೋಕಾಗಲ್ಲ" ಅಂತ ನಮ್ಮ ಡ್ರಮ್ಮರ್ ಹೇಳಿದ್ದ. ಮಿಕ್ಸ್ ಮಾಡುವವರೂ ತಲೆಯಾಡಿಸಿದ್ದರು. ಈಗ ಒಂಬತ್ತು ಹಾಡು ಮುಗಿದಿವೆ. ಅದರಲ್ಲಿ ಏಳು ಆಗಿದ್ದು ಆ ಮಾತಿಗೆ ಉಲ್ಟಾ: ನಾಯ್ಸ್, ಅಂದರೆ ಬೇಕಂತಲೇ ಹುಟ್ಟಿಸಿದ ಗದ್ದಲ, ಮೊದಲು; ಹಾಡು ಆಮೇಲೆ.

ಮೊದಲ ಸಲ ಎಲ್ಲರೂ ಮಾಡುವಂತೆ ಮಾಡಿದೆವು. ಐದು ಹಾಡನ್ನು ಸ್ಟುಡಿಯೋದಲ್ಲಿ ಪೂರ್ತಿ ರೆಕಾರ್ಡ್ ಮಾಡಿ, ಮನೆಗೆ ತಂದು, ಮೇಲೆ ಸಿಂಥ್ ಮತ್ತು ನಾಯ್ಸ್ ಹಾಕಿದೆವು. ಪಕ್ಕದ ಕೋಣೆಯಲ್ಲಿ ಯಾರೋ ಕೆಟ್ಟ ರೇಡಿಯೋ ಹಚ್ಚಿಟ್ಟ ಹಾಗಿತ್ತು. ನಾಯ್ಸ್ ಏರಿಸಿದರೆ ಪದ ಕೇಳುವುದಿಲ್ಲ, ಯಾಕಂದ್ರೆ ದನಿ ಸ್ಪಷ್ಟವಾಗುವ 2ರಿಂದ 4 ಕಿಲೋಹರ್ಟ್ಸ್ ಜಾಗದಲ್ಲೇ ಫೀಡ್‌ಬ್ಯಾಕೂ ಚೀರುತ್ತದೆ. ಇಳಿಸಿದರೆ ಇದ್ದೂ ಇಲ್ಲದ ಹಾಗೆ. ಕೂಡಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಆ ಐದಕ್ಕೇ ಹೋಯಿತು, ಮೂರನ್ನು ಎಸೆದೆವು. ಆ ವಾರ ನಾವು ಒಬ್ಬರಿಗೊಬ್ಬರು ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಾನು ಹಳೇ ಮಿಕ್ಸರ್ ತೆಗೆದೆ. ಆಕ್ಸ್ ಸೆಂಡ್‌ನಿಂದ (ಮಿಕ್ಸರ್ ಸದ್ದನ್ನು ಹೊರಗೆ ಕಳಿಸುವ ಒಂದು ದಾರಿ) ಹೊರಟಿದ್ದನ್ನು ಅದೇ ಮಿಕ್ಸರಿನ ಚಾನಲ್‌ಗೆ ವಾಪಸ್ ಕೊಟ್ಟೆ. ಜಪಾನಿನ ತೋಶಿಮಾರು ನಾಕಾಮುರಾ ನುಡಿಸುವ ನೋ-ಇನ್‌ಪುಟ್ ವಿಧಾನ (ಹೊರಗಿನ ಸದ್ದೇ ಕೊಡದೆ ಮಿಕ್ಸರನ್ನೇ ನುಡಿಸುವುದು) ಇದೇ, ನಮ್ಮ ಹೊಸದೇನಲ್ಲ. ನಾನು ಮಾಡಿದ್ದು ಇಷ್ಟೇ: ಆ ಸುತ್ತಿನ, ಅಂದರೆ ಲೂಪಿನ, ಮಧ್ಯೆ ಸದ್ದನ್ನು ತಡವಾಗಿ ಮರಳಿಸುವ ಡಿಲೇ ಪೆಡಲ್ ಇಟ್ಟೆ. ಡಿಲೇ 650 ಮಿಲಿಸೆಕೆಂಡ್ ಇದ್ದರೆ ನಾಯ್ಸ್ ತಾನಾಗಿ ಸುಮಾರು 92 ಬಿಪಿಎಂನಲ್ಲಿ (ನಿಮಿಷಕ್ಕೆ 92 ಬಡಿತ) ಮಿಡಿಯುತ್ತದೆ. ಅಂದರೆ ಗದ್ದಲವೇ ತಾಳ ಕೊಡುತ್ತದೆ! ಮೂರು ವಾರ, ರಾತ್ರಿಗೆ ನಲವತ್ತು ನಿಮಿಷದಷ್ಟು ರೆಕಾರ್ಡ್ ಮಾಡಿದೆ, ಕೊನೆಗೆ ಉಳಿದಿದ್ದು ಇಪ್ಪತ್ತೋ ಇಪ್ಪತ್ತೈದೋ ನಿಮಿಷ. ಸ್ಪೀಕರ್ ದನಿ ಪೂರ್ತಿ ಇಳಿಸಿ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿ ಶುರು ಮಾಡಿ. ನಾನು ಒಂದು ಟ್ವೀಟರ್ (ಕೀಚಲು ದನಿಯ ಪುಟ್ಟ ಸ್ಪೀಕರ್) ಸುಟ್ಟುಕೊಂಡೆ, ಅದೂ ಹಣವೇ ಅಲ್ವಾ.

ಡ್ರಮ್ಮರ್‌ಗೆ ಹೆಡ್‌ಫೋನಿನಲ್ಲಿ ಬರೀ ಇದನ್ನೇ ಕೊಟ್ಟೆವು, ತಾಳ ಎಣಿಸುವ ಕ್ಲಿಕ್ ಇಲ್ಲ. ಮೊದಲ ದಿನ ಹದಿನಾರು ಬಾರ್ ದಾಟಲಿಲ್ಲ. ತಪ್ಪು ಅವನದಲ್ಲ, ಅನಲಾಗ್ ಡಿಲೇ ಮೆಲ್ಲಗೆ ಜಾರುತ್ತಿತ್ತು. ಡಿಜಿಟಲ್ ಪೆಡಲ್ ಹಾಕಿ ಆ ಲೂಪುಗಳನ್ನೆಲ್ಲ ಮತ್ತೆ ಹಿಡಿದೆ. ಮೂರನೇ ಟೇಕಿಗೆ ಅವನು ನುಡಿಸುವ ರೀತಿಯೇ ಬದಲಾಯಿತು, ನಾಯ್ಸ್ ಸುಸ್ತಾದಲ್ಲಿ ಅವನು ಒತ್ತುತ್ತಿದ್ದ, ಅದು ಉಬ್ಬಿದಲ್ಲಿ ಬಿಡುತ್ತಿದ್ದ. ಕೋರಸ್‌ಗೆ ಸರಿಯಾಗಿ ಲೂಪ್ ಒಡೆಯುವುದು ಹೇಗೆ ಅಂತ ಕೇಳುತ್ತಾರೆ. ಕೈ ಮಿಕ್ಸರಿನ ಮಿಡ್ ನಾಬ್ (ಮಧ್ಯದ ದನಿ ಏರಿಳಿಸುವ ಗುಂಡಿ) ಮೇಲಿರುತ್ತದೆ, ಅಷ್ಟು ಹೇಳುತ್ತೇನೆ, ಉಳಿದದ್ದು ಮುಂದಿನ ಆಲ್ಬಮ್‌ಗೂ ಬೇಕು.

ನಡುವೆ ಸುಮ್ನೆ ಫ್ರಿಜ್‌ಗೆ ಕಂಪನ ಹಿಡಿಯುವ ಪೀಜೋ ಮೈಕ್ ಅಂಟಿಸಿ ನೋಡಿದೆ. ಲೈನ್ ಇನ್‌ಪುಟ್‌ನಲ್ಲಿ ತಗಡಿನ ಸದ್ದು. ಗಿಟಾರ್‌ಗೆಂದು ಇರುವ 1 ಮೆಗಾಓಮ್ ಇನ್‌ಪುಟ್‌ಗೆ ಹಾಕಿದಾಗ ಕೆಳಗಿನ ಗುಂಯ್‌ಗುಡುವಿಕೆ ಪೂರ್ತಿ ಬಂತು. ಆರನೇ ಹಾಡಿನಲ್ಲಿ ಬೇಸ್ ಗಿಟಾರ್ ಇಲ್ಲವೇ ಇಲ್ಲ, ಅದು ಫ್ರಿಜ್.

ಮಿಕ್ಸ್‌ನಲ್ಲಿ ಜಾಸ್ತಿ ಏನಿಲ್ಲ. ನಾಯ್ಸ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದೆವು, ದನಿ ಬಂದಾಗ ಸೈಡ್‌ಚೈನ್‌ನಿಂದ (ದನಿಯೇ ನಾಯ್ಸನ್ನು ಒತ್ತುವ ಏರ್ಪಾಡು) ಮೂರೋ ನಾಲ್ಕೋ ಡಿಬಿ ತಗ್ಗಿಸಿದೆವು. ಒಂದು ಹಾಡಿನಲ್ಲಿ ನಾಯ್ಸ್ ಅಗಲವಾಗಲಿ ಅಂತ ಒಂದು ಬದಿಯ ಫೇಸ್ ತಿರುಗಿಸಿದ್ದೆ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿದ್ದೆ. ಮೋನೋದಲ್ಲಿ, ಎರಡೂ ಬದಿ ಕೂಡಿಸಿ, ಕೇಳಿದರೆ ನಾಯ್ಸ್ ಪೂರ್ತಿ ಮಾಯ! ಅದನ್ನು ಬಿಡಿಸಲು ಎರಡು ರಾತ್ರಿ ಹೋಯಿತು.

ಡ್ರಮ್ಸ್‌ಗೆ ಈ ಸಲ ಎರಡೇ ದಿನ ಕೋಣೆ ಬಾಡಿಗೆಗೆ ಹಿಡಿದೆವು. ಉಳಿದಿದ್ದ ಕಾಲು ಪಾಲು ಹಣದಲ್ಲಿ ಏಳು ಹಾಡು ಮುಗಿದು, ಮಾಸ್ಟರಿಂಗ್‌ಗೂ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಸಾಕಾಯಿತು.