ಆರನೇ ವಯಸ್ಸಿಗೆ ಶುರು ಮಾಡಿದ ಸ್ಕೇಟ್‌ಬೋರ್ಡ್: ಮೈ ಬೆಳೆದಂತೆ ನಾನು ಹೊಂದಿಸಿಕೊಂಡ ಬಗೆ

ಆರನೇ ವಯಸ್ಸಿಗೆ ಬೋರ್ಡ್ ಹತ್ತಿ ಅದನ್ನೇ ವೃತ್ತಿ ಮಾಡಿಕೊಂಡವರಿಗೆ ಕಲಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೈ ಬೆಳೆದಾಗಲೆಲ್ಲ ಬೋರ್ಡನ್ನೂ ಟ್ರಿಕ್ಕುಗಳನ್ನೂ ಮತ್ತೆ ಹೊಂದಿಸಿಕೊಳ್ಳಬೇಕು. ನಾನು ಪಾಲಿಸಿದ ಕ್ರಮ ಹೀಗಿದೆ.

ದೊಡ್ಡವರ ಬೋರ್ಡ್ ಚಕ್ರ, ಟ್ರಕ್ (ಹಲಗೆಯಡಿ ಚಕ್ರಗಳನ್ನು ಹಿಡಿದಿಡುವ ಲೋಹದ ಭಾಗ) ಎಲ್ಲ ಸೇರಿ ಸುಮಾರು 2ರಿಂದ 2.5 ಕೆ.ಜಿ. ತೂಗುತ್ತದೆ. 22 ಕೆ.ಜಿ.ಯ ಮಗುವಿಗೆ ಅದು ತನ್ನ ತೂಕದ ಹತ್ತನೇ ಒಂದು ಪಾಲು. ಅದಕ್ಕೇ 7 ಇಂಚು ಅಗಲದ ಹಲಗೆ, ಅಂದರೆ ಡೆಕ್‌ನಿಂದ ಶುರು ಮಾಡಿ 7.25, 7.5, 7.75 ಎಂದು ಏರಿದೆ. ಡೆಕ್ ಅಗಲವಾದಾಗ ಟ್ರಕ್ಕಿನ ಆಕ್ಸಲ್ (ಚಕ್ರದ ಅಚ್ಚು) ಕೂಡ ಬದಲಾಗಬೇಕು. ಚಕ್ರದ ಹೊರಮೈ ಡೆಕ್ಕಿನ ಅಂಚಿಗೆ ಸರಿಸಮ ಇರಬೇಕು, ಹೆಚ್ಚೆಂದರೆ ಕಾಲು ಇಂಚು ಆಚೀಚೆ. ನಯವಾದ ಪಾರ್ಕಿಗೆ 52 ಮಿ.ಮೀ. ವ್ಯಾಸದ, 99 ಎ ಗಡಸಿನ ಚಕ್ರ ಸಾಕು (ಎ ಗಡಸುತನದ ಅಳತೆ, ಅಂಕಿ ಹೆಚ್ಚಾದಷ್ಟು ಗಡಸು). ಒರಟು ರಸ್ತೆಗೆ 78 ಎ ಆಸುಪಾಸಿನ ಮೆತ್ತನೆಯದು ಬೇಕು.

ಹೆಚ್ಚಿನವರು ಮರೆಯುವುದು ಬುಶಿಂಗ್, ಅಂದರೆ ವಾಲಿದಾಗ ಅಮುಕಿ ಬೋರ್ಡ್ ತಿರುಗಲು ಬಿಡುವ, ಟ್ರಕ್ಕಿನೊಳಗಿನ ರಬ್ಬರಿನಂಥ ಬಳೆ. ಹೊಸ ಟ್ರಕ್ಕಿನಲ್ಲಿ ಬರುವುದು ಸಾಮಾನ್ಯವಾಗಿ 90 ಎ ಸುತ್ತಮುತ್ತ ಗಡಸಾಗಿರುತ್ತದೆ. ಹಗುರ ಮಗು ಎಷ್ಟು ವಾಲಿದರೂ ಅದು ಅಮುಕುವುದಿಲ್ಲ, ಬೋರ್ಡ್ ತಿರುಗುವುದಿಲ್ಲ. ಆಗ ಎಲ್ಲರೂ ಬುಶಿಂಗ್ ನಡುವೆ ಹಾಯುವ ಬೋಲ್ಟಾದ ಕಿಂಗ್‌ಪಿನ್ ನಟ್ ಸಡಿಲಿಸುತ್ತಾರೆ. ಅದೇ ತಪ್ಪು: ವೇಗ ಬಂದೊಡನೆ ಬೋರ್ಡ್ ನಡುಗಿ ಮಗುವನ್ನು ಎಸೆಯುತ್ತದೆ. 78ರಿಂದ 85 ಎ ಬುಶಿಂಗ್ ಹಾಕಿ, ಮೇಲಿನ ವಾಷರ್ ಬೆರಳಿಗೆ ಅಲುಗಾಡದಷ್ಟು ನಟ್ ಬಿಗಿಸಿ, ಅಲ್ಲಿಂದ ಕಾಲು ಸುತ್ತು ಮಾತ್ರ. ಕಿಂಗ್‌ಪಿನ್ನಿನ ತುದಿ ನಟ್ಟಿನೊಳಗಿನ ನೈಲಾನ್ ಬಳೆಯನ್ನು ದಾಟಿರಲೇಬೇಕು. ಒಳಗೇ ಉಳಿದರೆ ನಟ್ ಯಾವಾಗ ಕಳಚುತ್ತದೋ ಹೇಳಲಾಗದು.

ಆಲಿಯಲ್ಲಿ (ಕೈಯಲ್ಲಿ ಹಿಡಿಯದೆ ಬೋರ್ಡ್ ಸಮೇತ ಹಾರುವ ಮೂಲ ಟ್ರಿಕ್ಕು) ಮಕ್ಕಳು ಟೇಲ್ (ಬೋರ್ಡಿನ ಹಿಂತುದಿ) ಮೇಲೆ ಇಡೀ ಮೈಭಾರ ಹಾಕಿ ಕುಣಿಯುತ್ತಾರೆ. ಬೇಕಿರುವುದು ಹಿಂಗಾಲಿನ ಗೆಣ್ಣಿನ ಚುರುಕು ಹೊಡೆತ. ಟೇಲ್ ನೆಲಕ್ಕೆ ಟಪ್ಪೆಂದ ಕ್ಷಣವೇ ಆ ಕಾಲು ಮೇಲೇಳಬೇಕು. ಮುಂಗಾಲು ಜಾರಿಸುವುದು ತಡವಾದರೆ ಬೋರ್ಡ್ ನೆಟ್ಟಗೆ ನಿಲ್ಲುತ್ತದೆ. ಭುಜ ತಿರುಗಿದರೆ ಬೋರ್ಡೂ ಅಡ್ಡವಾಗುತ್ತದೆ.

ಹಗುರ ಮೈಗೆ ಒಂದು ವರವೂ ಇದೆ, ಗಾಳಿಯಲ್ಲಿ ಬೇಗ ಸುತ್ತುತ್ತದೆ. 1080 ಎಂಬ ಮೂರು ಪೂರ್ಣ ಸುತ್ತನ್ನು 2012ರಲ್ಲಿ ಮೊದಲು ಮಾಡಿದ ಅಮೆರಿಕದ ಸ್ಕೇಟರ್ ಟಾಮ್ ಶಾರ್‌ಗೆ ಆಗ 12 ವರ್ಷ. ಹೆಸರಾಂತ ಅಮೆರಿಕನ್ ಸ್ಕೇಟರ್ ಟೋನಿ ಹಾಕ್ ಹುಡುಗನಾಗಿದ್ದಾಗ ತೀರಾ ತೆಳ್ಳಗಿದ್ದ. ರ‍್ಯಾಂಪಿನ ಅಂಚಿನಲ್ಲೇ ಬೋರ್ಡ್ ಹಿಡಿದು ಹಾರುವಷ್ಟು ಭಾರವಿಲ್ಲದೆ, ಮೊದಲು ಆಲಿ ಹೊಡೆದು ಆಮೇಲೆ ಹಿಡಿಯುವುದನ್ನು ರೂಢಿಸಿಕೊಂಡ. 14ಕ್ಕೆ ವೃತ್ತಿಪರನಾದ. ಮೈಗೆ ತಕ್ಕ ತಂತ್ರ ಎಂದರೆ ನನ್ನ ಲೆಕ್ಕದಲ್ಲಿ ಇದೇ.

ಕಷ್ಟ ಶುರುವಾಗುವುದು ಹನ್ನೊಂದರಿಂದ ಹದಿನಾಲ್ಕರ ನಡುವೆ, ಎತ್ತರ ದಿಢೀರನೆ ಏರಿದಾಗ. ನಿನ್ನೆ ಬರುತ್ತಿದ್ದ ಕಿಕ್‌ಫ್ಲಿಪ್ (ಹಾರಿ ಬೋರ್ಡನ್ನು ಕಾಲಡಿ ಮಗುಚಿ ಉರುಳಿಸುವ ಟ್ರಿಕ್ಕು) ಇಂದು ಕಾಲಿನ ಹಿಂದೆ ಬೀಳುತ್ತದೆ. ಆಗ ಟ್ರಿಕ್ಕಿಗೆ ಗುದ್ದಾಡುವುದು ವ್ಯರ್ಥ. ನಿಲುವನ್ನು ಎರಡು ಬೆರಳಷ್ಟು ಅಗಲಿಸಿ, ನಿಂತಲ್ಲೇ ಆಲಿ, ಆಮೇಲೆ ಉರುಳುತ್ತ ಆಲಿ, 180 (ಅರ್ಧ ಸುತ್ತು), ಕೊನೆಗೆ ಫ್ಲಿಪ್, ಹೀಗೆ ಕೆಳಗಿನಿಂದ ಕಟ್ಟಿಕೊಂಡು ಬರಬೇಕು. ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿ, ಒತ್ತಿದರೆ ನೋವೆನಿಸಿದರೆ ಮೆಟ್ಟಿಲು ಹಾರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬೆಳೆಯುತ್ತಿರುವ ಮೂಳೆಗೆ ಸ್ನಾಯುರಜ್ಜು ಅಂಟಿದ ಜಾಗ ಅದು, ಪದೇಪದೇ ಬೀಳುವ ಹೊಡೆತವನ್ನು ತಾಳುವುದಿಲ್ಲ. ನೋವಿರುವಷ್ಟು ಕಾಲ ನಾನು ಸಮತಲದ ಟ್ರಿಕ್ಕುಗಳಿಗೇ ಸೀಮಿತವಾದೆ.

ಪ್ರಾಯೋಜಕರು ಬರುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಮೊದಲು ಬರೀ ಸಾಮಾನು ಸಿಗುವ ಫ್ಲೋ, ನಂತರ ಅಮೆಚೂರ್ ತಂಡ, ಕೊನೆಗೆ ಡೆಕ್ ಮೇಲೆ ಸ್ವಂತ ಹೆಸರು, ಮಾರಾಟದಲ್ಲಿ ಪಾಲು. ಅಪ್ರಾಪ್ತರ ಪರವಾಗಿ ಹೆತ್ತವರೇ ಸಹಿ ಹಾಕುತ್ತಾರೆ. ಅವರು ನೋಡಬೇಕಾದದ್ದು: ಬೋರ್ಡ್, ಶೂ, ಚಕ್ರ ಬೇರೆ ಬೇರೆ ಒಪ್ಪಂದಗಳಾಗಿವೆಯೇ, ಫೋಟೋ ಎಷ್ಟು ವರ್ಷ ಬಳಸಬಹುದು, ಗಾಯವಾದಾಗ ಹಣ ನಿಲ್ಲುತ್ತದೆಯೇ. ಮೈ ಬೆಳೆಯುವ ಆ ಎರಡು ಮೂರು ವರ್ಷಗಳಲ್ಲಿ ಸಂಭಾವನೆಯನ್ನು ಸ್ಪರ್ಧೆಯ ಸ್ಥಾನಕ್ಕೆ ಕಟ್ಟಿಹಾಕುವ ಷರತ್ತಿದ್ದರೆ ಅದನ್ನು ತೆಗೆಸಿಯೇ ಸಹಿ ಹಾಕಬೇಕು.