ಏಜೆಂಟ್‌ಗೆ ಡಾಕ್ಯುಮೆಂಟೇಶನ್ ಬರೆಯುವಾಗ ಎರರ್ ಮೆಸೇಜೇ ಮುಖ್ಯ ಪುಟವಾಯಿತು

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಒಂದನ್ನು ಕಟ್ಟುತ್ತೇವೆ. ಟಾಸ್ಕ್, ಬೋರ್ಡ್, ಡೆಡ್‌ಲೈನ್, ಯಾರ ಕೈಯಲ್ಲಿ ಯಾವ ಕೆಲಸ ಅನ್ನುವ ಲೆಕ್ಕ, ಅಷ್ಟೇ. ಈಗ ಟಾಸ್ಕ್ ಎತ್ತಿಕೊಳ್ಳುವವರಲ್ಲಿ ಕೋಡ್ ಬರೆಯುವ ಎಐ ಏಜೆಂಟ್‌ಗಳೂ ಇವೆ. ಅವು ಓದಬೇಕಾದ ಡಾಕ್ಯುಮೆಂಟೇಶನ್ ನನ್ನ ಪಾಲಿಗೆ ಬಂತು.

ಮನುಷ್ಯರಿಗೆ ಬರೆದ ಪುಟಗಳು ಮೊದಲೇ ಇದ್ದವು. "ಬಲಗಡೆ ಮೇಲಿನ ನೀಲಿ ಬಟನ್ ಒತ್ತಿ" ಅನ್ನುವ ಜಾತಿಯವು. ನಮ್ಮಲ್ಲಿ ಏಜೆಂಟ್ ಬರುವುದು ಎಂಸಿಪಿ ಸರ್ವರ್ ಮೂಲಕ. ಎಐ ಹೊರಗಿನ ಸಾಫ್ಟ್‌ವೇರ್ ಬಳಸಲೆಂದು ಎಐ ಕಂಪನಿ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಪ್ರೋಟೋಕಾಲ್ ಎಂಸಿಪಿ. ಅಲ್ಲಿ ಬಟನ್ನೂ ಇಲ್ಲ, ಬಲಗಡೆಯೂ ಇಲ್ಲ. ಏಜೆಂಟ್‌ಗೆ ಮೊದಲು ಕಾಣುವುದು ಪ್ರತಿ ಟೂಲಿನ (ಅದು ಕರೆಯಬಲ್ಲ ಒಂದೊಂದು ಕ್ರಿಯೆಯ) ಹೆಸರು, ಅದರ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಜೇಸನ್ ಸ್ಕೀಮಾ. ನಾವು ಅಂದವಾಗಿ ಬರೆದಿಟ್ಟ ಗೈಡನ್ನು ಅದು ಹುಡುಕಿಕೊಂಡು ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಮುಖ್ಯವಾದದ್ದನ್ನೆಲ್ಲ ಗೈಡಿನಿಂದ ಕಿತ್ತು ಆ ವಿವರಣೆಗಳೊಳಗೇ ತಂದೆ. "ಟಾಸ್ಕ್ ಅಪ್‌ಡೇಟ್ ಮಾಡುತ್ತದೆ" ಎಂದಷ್ಟೇ ಇದ್ದ ಜಾಗದಲ್ಲಿ ಈಗ ಹೀಗಿದೆ: ಟಾಸ್ಕ್ ನಿಮ್ಮ ಹೆಸರಿನಲ್ಲಿ ಕ್ಲೇಮ್ ಆಗಿದ್ದರೆ ಮಾತ್ರ ಬಳಸಿ, ಕಳಿಸದೆ ಬಿಟ್ಟ ಫೀಲ್ಡ್ ಇದ್ದಂತೆ ಉಳಿಯುತ್ತದೆ, ಖಾಲಿ ಕಳಿಸಿದರೆ ಅಳಿಸಿಹೋಗುತ್ತದೆ. ಈ ಕೊನೆಯ ಮಾತಿನ ಬಗ್ಗೆ ಡೆವಲಪರ್‌ಗಳಲ್ಲೇ ಒಮ್ಮತ ಇರಲಿಲ್ಲ. ನಾನು ಬರೆಯಲು ಕೂತು ಕೇಳಿದ ಮೇಲೆ ವಾದ ಆಗಿ, ತೀರ್ಮಾನವಾಯಿತು.

ದಿನಾಂಕದ ಗೋಳು ಬೇರೆ. ಇಲ್ಲಿ ನಡುರಾತ್ರಿ ಕಳೆದು ಬೆಳಗಿನ 5:30ರವರೆಗೆ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇನ್ನೂ ಹಿಂದಿನ ದಿನವೇ ಇರುತ್ತದೆ. ರಾತ್ರಿ ಓಡುವ ಏಜೆಂಟ್ "ನಾಳೆ" ಅಂದರೆ ಯಾರ ನಾಳೆ? "ನಾಳೆ", "ಮುಂದಿನ ವಾರ" ಒಪ್ಪುವುದೇ ಬೇಡ, ವರ್ಷ-ತಿಂಗಳು-ದಿನ ಕ್ರಮದಲ್ಲಿ, ಟೈಮ್‌ಝೋನ್ ಸಮೇತ ಬರಲಿ ಎಂದು ಸ್ಕೀಮಾದಲ್ಲೇ ಕಟ್ಟುಮಾಡಿಸಿದೆ.

ಹೆಚ್ಚು ತಲೆ ತಿಂದದ್ದು "ಡನ್". ಕೆಲಸ ಮುಗಿಯಿತು ಅಂತ ಘೋಷಿಸಲು ಏಜೆಂಟ್‌ಗಳಿಗೆ ಬಲು ಅವಸರ. ಒಂದಿನ ನಮ್ಮ ಹುಡುಗನೊಬ್ಬ ಲಾಗ್ ತೋರಿಸಿ ರೇಗಿದ: "ಟೆಸ್ಟ್ ಪಾಸ್ ಆಗದ ಡನ್ ಮಾಡಬ್ಯಾಡ ಅಂತ ಡಾಕ್ಸ್‌ನ್ಯಾಗ ದಪ್ಪ ಅಕ್ಷರದಾಗ ಬರದೀವಲ್ರಿ ಅಕ್ಕಾರ, ಮತ್ತ ಹಂಗಽ ಮಾಡ್ತೈತಲ್ಲ?"

"ಬರದ್ರ ಏನಾತೋ ತಮ್ಮಾ, ಸರ್ವರ್ ತಡದೈತೇನು?"

ತಡೆದಿರಲಿಲ್ಲ. ಈಗ ತಡೆಯುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ: ಸರ್ವರ್ ತಡೆಯಬಲ್ಲದ್ದನ್ನು ಡಾಕ್ಯುಮೆಂಟಿನಲ್ಲಿ ಅಂಗಲಾಚಬಾರದು. ತಡೆದಾಗ ಕೊಡುವ ಎರರ್ ಮೆಸೇಜೇ ಏಜೆಂಟ್ ತಪ್ಪದೆ ಓದುವ ಪುಟ, ಅದೂ ಬೇಕಾದ ಹೊತ್ತಿಗೆ ಸರಿಯಾಗಿ. ಮೊದಲು ಅಲ್ಲಿ "400, ಅಮಾನ್ಯ ಸ್ಥಿತಿ" ಎಂದಿತ್ತು. ಅದನ್ನು ಓದಿದ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಈಗಿನ ಮೆಸೇಜಿನ ಸಾರಾಂಶ: "ಟಾಸ್ಕ್ 118 ರಿವ್ಯೂಗೆ ಹೋಗಿಲ್ಲ, ಟೆಸ್ಟ್ ಫಲಿತಾಂಶ ಜೋಡಿಸಿಲ್ಲ. ಮೊದಲು ಫಲಿತಾಂಶ ಜೋಡಿಸಿ, ಆಮೇಲೆ ರಿವ್ಯೂಗೆ ಕಳಿಸಿ. ಟೆಸ್ಟ್ ಓಡಿಸಲು ಆಗದಿದ್ದರೆ ಕಾರಣ ಬರೆದು ಬ್ಲಾಕ್ಡ್ ಎಂದು ಗುರುತಿಸಿ. ಇದೇ ಕರೆ ಮತ್ತೆ ಕಳಿಸಿದರೆ ಉಪಯೋಗವಿಲ್ಲ." ಬ್ಲಾಕ್ಡ್ ಅನ್ನುವ ದಾರಿ ತೋರಿಸಿದ್ದೇ ದೊಡ್ಡ ಲಾಭ. ಸಿಕ್ಕಿಬಿದ್ದ ಏಜೆಂಟ್‌ಗೆ ಮರ್ಯಾದೆಯಿಂದ ಹೊರಬರಲು ಒಂದು ಬಾಗಿಲು ಇರದಿದ್ದರೆ ಅದು ಟೆಸ್ಟನ್ನೇ ತಿದ್ದಲು ಹೊರಡುತ್ತದೆ.

ಕಾಮೆಂಟ್‌ಗಳದು ಇನ್ನೊಂದು ಕಥೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರ ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ, ಮೆಣಸಿನಕಾಯಿ ಚೀಲದ ಬಾಡಿಗೆ ಲೆಕ್ಕದ ಟಾಸ್ಕ್ ಕೆಳಗೆ ಅಲ್ಲಿನ ಅಕೌಂಟೆಂಟ್ "ಹಳೇವು ಎಲ್ಲಾ ಅಳಿಸಿಬಿಡ್ರಿ" ಎಂದು ಬರೆದಿದ್ದರು. ಅವರು ಹೇಳಿದ್ದು ರಿಪೋರ್ಟಿನಲ್ಲಿ ಕಾಣುವ ಹಳೆ ಸಾಲುಗಳ ಬಗ್ಗೆ. ಏಜೆಂಟ್ ಹಳೆ ಟಾಸ್ಕ್‌ಗಳನ್ನೇ ಅಳಿಸಲು ಹೊರಟಿತು; ಅದಕ್ಕೆ ಕೊಟ್ಟ ಪ್ರವೇಶದ ಕೀಲಿಗೆ ಡಿಲೀಟ್ ಮಾಡುವ ಅಧಿಕಾರ ಇರಲಿಲ್ಲ, ಬಚಾವಾದೆವು. ಕಾಮೆಂಟ್ ಬರೀ ಮಾಹಿತಿ, ಅಪ್ಪಣೆಯಲ್ಲ ಎಂದು ವಿವರಣೆಯಲ್ಲಿ ಬರೆದಿದ್ದೇನೆ, ಆದರೆ ಆ ಸಾಲನ್ನು ನಂಬಿ ನಿದ್ದೆ ಮಾಡುವವಳಲ್ಲ ನಾನು. ಇಂಥ ಕಾಮೆಂಟನ್ನು ನಾಳೆ ಬೇಕಂತಲೇ ಬರೆಯುವವರೂ ಇರುತ್ತಾರೆ. ಕಾಯಬೇಕಾದ್ದು ಅಧಿಕಾರದ ಮಿತಿಯೇ.

ಪರೀಕ್ಷೆ ಸರಳ. ಹೊಸ ಸೆಷನ್ ತೆರೆದು, ಬೇರೇನೂ ಹೇಳದೆ ಒಂದು ಕೆಲಸ ಕೊಟ್ಟು, ಅದು ಯಾವ ಟೂಲನ್ನು ಯಾವ ಕ್ರಮದಲ್ಲಿ ಕರೆಯಿತು ಎಂದು ಲಾಗ್ ಓದುತ್ತೇನೆ. ತಪ್ಪು ಕರೆ ಬಿದ್ದಲ್ಲಿ ನನ್ನ ಪೆನ್ಸಿಲ್ ನಿಲ್ಲುತ್ತದೆ. ಹಾಗಂತ ಸೇರಿಸುತ್ತಲೇ ಹೋಗುವಂತಿಲ್ಲ. ಟೂಲ್ ವಿವರಣೆಗಳೆಲ್ಲ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಏಜೆಂಟ್ ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ, ಜಾಗ ಹಿಡಿಯುತ್ತವೆ, ಆ ಪಠ್ಯದ ಪ್ರತಿ ತುಣುಕಿಗೆ (ಟೋಕನ್‌ಗೆ) ದುಡ್ಡು ಬೀಳುತ್ತದೆ. ಅದಕ್ಕೇ ಅನುಮಾನ ಬಂದ ಸಾಲನ್ನು ತೆಗೆದು ಅದೇ ಕೆಲಸ ಮತ್ತೆ ಓಡಿಸುತ್ತೇನೆ. ನಡವಳಿಕೆ ಬದಲಾಗದಿದ್ದರೆ ಸಾಲು ಹೊರಕ್ಕೆ. "ದಯವಿಟ್ಟು ಎಚ್ಚರಿಕೆಯಿಂದ ಬಳಸಿ" ಎಂಬಂಥವು ಮೊದಲ ಸುತ್ತಿನಲ್ಲೇ ಹೋದವು.