ವೀಣೆ ಪಾಠದ ವಿಡಿಯೊ: ಮೊದಲು ಬೆರಳು ಕಾಣಬೇಕು

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ವೀಣೆ ಪಾಠ ಹೇಳಿಕೊಡುತ್ತೇನೆ. ಮಂಡ್ಯದ ಒಬ್ಬ ಹುಡುಗಿ ಪ್ರತಿ ಭಾನುವಾರ ರೈಲಿನಲ್ಲಿ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿಗೆ ಬಂದ ಮೇಲೆ ತಿಂಗಳಿಗೊಮ್ಮೆ ಬರುವುದೂ ಕಷ್ಟವಾಯಿತು. ಅವಳಿಗೋಸ್ಕರ ಮೊದಲ ವಿಡಿಯೊ ಮಾಡಿದೆ. ಒಳ್ಳೆ ಸೀರೆ ಉಟ್ಟು, ದೇವರ ಮನೆ ಮುಂದೆ ಕೂತು, ಎದುರಿಗೆ ಫೋನ್ ಇಟ್ಟು ಕಲಿಯುವವರ ಮೊದಲ ಅಭ್ಯಾಸವಾದ ಸರಳೆ ವರಸೆ ನುಡಿಸಿದೆ. ನೋಡೋಕೆ ಚೆನ್ನಾಗಿಯೇ ಇತ್ತು. ಅವಳಿಂದ ಬಂದ ಉತ್ತರ ಒಂದೇ ಸಾಲು: "ಮಿಸ್, ನಿಮ್ಮ ಬೆರಳು ಯಾವ ಮೆಟ್ಟಿಲ ಮೇಲಿದೆ ಅಂತ ಗೊತ್ತಾಗ್ತಿಲ್ಲ."

ಅವಳು ಹೇಳಿದ್ದು ಸರಿ. ಎದುರಿನಿಂದ ತೆಗೆದರೆ ವೀಣೆಯ ಉದ್ದನೆಯ ದಂಡಿಯೇ ಮೆಟ್ಟಿಲುಗಳಿಗೆ, ಅಂದರೆ ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿಗಳಿಗೆ, ಅಡ್ಡ ಬರುತ್ತದೆ. ನನ್ನ ಎಡಗೈ ಅವಳಿಗೆ ಬಲಗಡೆ ಕಾಣುತ್ತದೆ. ಕಛೇರಿ ನೋಡುವವರಿಗೆ ಅದು ಸಾಕು. ಕಲಿಯುವವರಿಗೆ ತಮ್ಮ ವೀಣೆ ತಮಗೆ ಹೇಗೆ ಕಾಣುತ್ತದೋ ಹಾಗೇ ಕಾಣಬೇಕು, ಅಲ್ವಾ?

ಆಮೇಲೆ ಎರಡು ಸ್ಟೂಲುಗಳನ್ನು ನನ್ನ ಅಕ್ಕಪಕ್ಕ ಡೈನಿಂಗ್ ಟೇಬಲ್ ಕುರ್ಚಿಗಳ ಮೇಲೆ ಏರಿಸಿ, ಅವುಗಳ ನಡುವೆ ಹಳೇ ಮಂಚದ ಹಲಗೆಯೊಂದನ್ನು ಅಡ್ಡ ಇಟ್ಟು ಹಗ್ಗದಿಂದ ಬಿಗಿದೆ. ಆ ಹಲಗೆಗೆ 350 ರೂಪಾಯಿಯ ಕ್ಲಾಂಪ್ ಹಾಕಿ, ಫೋನ್ ನನ್ನ ತಲೆ ಪಕ್ಕದಿಂದ ಕೆಳಕ್ಕೆ ನೋಡುವಂತೆ ಸಿಕ್ಕಿಸಿದೆ. 24 ಮೆಟ್ಟಿಲೂ ಒಟ್ಟಿಗೆ ಕಂಡವು. ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ (ಸ್ವರದ ತೂಗಾಟ) ಕೊಡುವಾಗ ಎಷ್ಟು ಎಳೆಯಬೇಕು ಅನ್ನುವುದು ಮೇಲಿನಿಂದ ಮಾತ್ರ ತಿಳಿಯುತ್ತದೆ. ಪಾಠದ ಜೀವವೇ ಅಲ್ಲಿದೆ.

ಬೆಳಕಿನಲ್ಲಿ ಎರಡು ತೊಂದರೆ ಬಂತು. ಮೆಟ್ಟಿಲು ಕೂರಿಸಿದ ಮೇಣ ಕಪ್ಪು. ಅದನ್ನು ನೋಡಿ ಫೋನು ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಆಗ ಮೆಟ್ಟಿಲುಗಳು ಬಿಳಿ ಗೆರೆಗಳಾಗಿ ಉರಿಯುತ್ತವೆ, ಬೆರಳಿನ ಉಗುರೂ ಕಾಣುವುದಿಲ್ಲ. ಸ್ಕ್ರೀನಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಅಲ್ಲೇ ಲಾಕ್ ಆಗುತ್ತದೆ. ಆಮೇಲೆ ಸ್ವಲ್ಪ ಇಳಿಸಿಕೊಂಡರೆ ಸಾಕು. ಇನ್ನೊಂದು, ಹಳೇ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ, ತೆಗೆಯುತ್ತಿತ್ತು. 25 ಫ್ರೇಮಿಗೆ ತಂದು ಶಟರನ್ನು (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50ಕ್ಕೆ ಇಟ್ಟ ಮೇಲೆ ಪಟ್ಟೆ ಹೋಯಿತು.

ನನ್ನನ್ನು ಜಾಸ್ತಿ ಕಾಡಿದ್ದು ಸದ್ದು. ಆಧಾರ ಸ್ವರವನ್ನು ಒಂದೇ ಸಮನೆ ನುಡಿಸುವ ಶ್ರುತಿ ಪೆಟ್ಟಿಗೆ ಹಾಕಿಕೊಂಡೇ ನುಡಿಸಿದ್ದೆ. ಕೇಳಿದರೆ ಶುರುವಿನಲ್ಲಿ ಇದ್ದ ಶ್ರುತಿ ಮೆಲ್ಲಗೆ ಕರಗಿ ಹೋಗಿದೆ, ವೀಣೆಯ ನಾದ ಮೀಟಿದ ಕ್ಷಣಕ್ಕೇ ಸಾಯುತ್ತಿದೆ. ಒಂದೇ ಸಮನೆ ಬರುವ ಸದ್ದನ್ನು ಫೋನು ಫ್ಯಾನಿನ ಗದ್ದಲ ಅಂತ ತಿಳಿದು ಅಳಿಸುತ್ತಿತ್ತು. ಮಾತಿಗೆ ಅದು ಅನುಕೂಲ ಇರಬಹುದು. ವೀಣೆಗೆ ಅನ್ಯಾಯ. ಒಂದು ಸಲ ಮೀಟಿದ ನಾದದಲ್ಲೇ ಎರಡು ಮೂರು ಸ್ವರ ಎಳೆಯುವ ವಾದ್ಯ ಇದು.

ಅದಕ್ಕೇ ಸದ್ದನ್ನು ಬೇರೆಯೇ ಹಿಡಿಯತೊಡಗಿದೆ. 850 ರೂಪಾಯಿಯ ಕಾಲರ್ ಮೈಕನ್ನು ಲ್ಯಾಪ್‌ಟಾಪಿಗೆ ಹಾಕಿ, ವೀಣೆಯ ಕೊಡದಿಂದ (ನಾದ ಹೊಮ್ಮುವ ದುಂಡನೆಯ ಭಾಗ) ಒಂದು ಗೇಣು ದೂರ ಇಟ್ಟೆ. ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಶ್ರುತಿ ಪೆಟ್ಟಿಗೆ ನನ್ನ ಕಿವಿಗೆ ಮಾತ್ರ, ಇಯರ್‌ಫೋನಿನಲ್ಲಿ. ವಿಡಿಯೊಗೆ ಅದನ್ನು ಆಮೇಲೆ ಸೇರಿಸುತ್ತೇನೆ. ಕಿಟಕಿಗೆ ಕಂಬಳಿ, ನೆಲಕ್ಕೆ ಜಮಖಾನ. ಬೆಳಗಿನ ಜಾವ ಐದಕ್ಕೆ ಕೂತರೆ ಆಟೋಗಳ ಕಾಟವಿಲ್ಲ, ಹಾಲಿನವನು ಬರುವುದರೊಳಗೆ ಎರಡು ಪಾಠ ಮುಗಿಯುತ್ತದೆ.

ಚಿತ್ರ ಒಂದು ಕಡೆ, ಸದ್ದು ಒಂದು ಕಡೆ ಆದರೆ ಕೂಡಿಸುವುದು ಹೇಗೆ? ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಸದ್ದಿನ ಗೆರೆಯಲ್ಲಿ ಅದು ಸೂಜಿಯ ಹಾಗೆ ಎದ್ದು ನಿಲ್ಲುತ್ತದೆ. ಎರಡೂ ಅಂಗೈ ಸೇರಿದ ಫ್ರೇಮಿಗೆ ಆ ಸೂಜಿಯನ್ನು ಹೊಂದಿಸಿದರೆ ಆಯಿತು. ಒಂದು ಫ್ರೇಮ್ ಅಂದರೆ ಸೆಕೆಂಡಿನ 25ನೇ ಒಂದು ಭಾಗ. ಮೂರ್ನಾಲ್ಕು ಫ್ರೇಮ್ ಆಚೀಚೆ ಆದರೂ ಮೂರನೇ ಕಾಲದಲ್ಲಿ (ನಾಲ್ಕು ಪಟ್ಟು ವೇಗದಲ್ಲಿ) ಬೆರಳು ಒಂದು ಸ್ವರದಲ್ಲಿ, ಕಿವಿ ಇನ್ನೊಂದರಲ್ಲಿ. ಮಗು ಯಾವುದನ್ನು ನಂಬಬೇಕು? ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್, ಪುಕ್ಕಟೆ ಸಿಗುವುದೇ ಸಾಕು.

ಪಾಠದ ಅಳತೆಯೂ ಬದಲಾಯಿತು. ಮೊದಲು ನಾನೇ ಉದ್ದಕ್ಕೂ ನುಡಿಸಿಬಿಡುತ್ತಿದ್ದೆ. ಈಗ ನಿಮಿಷಕ್ಕೆ 60 ಎಣಿಕೆ ಇಟ್ಟು ಒಂದು ಆವರ್ತ (ತಾಳದ ಒಂದು ಸುತ್ತು) ನಾನು ನುಡಿಸುತ್ತೇನೆ. ಮುಂದಿನ ಆವರ್ತ ಖಾಲಿ. ಎಂಟು ಎಣಿಕೆಯ ಆದಿತಾಳಕ್ಕೆ ಎಂಟು ಸೆಕೆಂಡು, ಬರೀ ಶ್ರುತಿ ಮತ್ತು ತಾಳ. ಆ ಜಾಗ ಮಗುವಿನದು. ಸುಮ್ನೆ ನೋಡುವ ವಿಡಿಯೊ, ಕೂತು ನುಡಿಸುವ ವಿಡಿಯೊ ಆಗಿದ್ದು ಇದರಿಂದ.

ಕೃತಿಗಳಿಗೆ ಬಂದಾಗ ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕೃತಿಗಳನ್ನು ರಚಿಸಿದ ನಮ್ಮ ಮೈಸೂರು ವಾಸುದೇವಾಚಾರ್ಯರು ಹೋದದ್ದು 1961ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಕೃತಿಗಳನ್ನು 2022ರಿಂದ ಧೈರ್ಯವಾಗಿ ಪಾಠಕ್ಕೆ ತೆಗೆದುಕೊಳ್ಳಬಹುದು. ಆದರೆ ಇನ್ನೊಬ್ಬರು ನುಡಿಸಿದ ರೆಕಾರ್ಡಿಂಗ್ ಹಾಕಬೇಡಿ, ಅದರ ಹಕ್ಕು ಬೇರೆ.

ಮಂಡ್ಯದ ಹುಡುಗಿ ಈಗ ಜೋಡಿ ಸ್ವರಗಳ ಅಭ್ಯಾಸವಾದ ಜಂಟಿ ವರಸೆಯಲ್ಲಿದ್ದಾಳೆ. ಹೋದ ವಾರ ತಾನು ನುಡಿಸಿದ್ದನ್ನು ಕಳಿಸಿದಳು. ಅವರಪ್ಪ ಅಟ್ಟದ ಏಣಿಯನ್ನು ಗೋಡೆಗೆ ಒರಗಿಸಿ, ಮೇಲಿನಿಂದ ಫೋನ್ ಕಟ್ಟಿಕೊಟ್ಟಿದ್ದಾರೆ. ತೋರುಬೆರಳನ್ನು ಮೆಟ್ಟಿಲ ಮೇಲೇ ಒತ್ತುತ್ತಿದ್ದಳು. ಮೆಟ್ಟಿಲ ಸ್ವಲ್ಪ ಹಿಂದೆ ಒತ್ತು ಪುಟ್ಟಿ, ನಾದ ಬಿಡಿಸಿಕೊಳ್ಳುತ್ತೆ ಅಂತ ಬರೆದು ಕಳಿಸಿದೆ.